ಒಂದು ಕಂಪ್ಯೂಟರ್, ಮೂವರ ಕೆಲಸ: ವಿಂಡೋಸ್ ತಿದ್ದಬೇಡಿ

ಮಾನ್ಯ ಸಂಪಾದಕರೆ,

ಮನೆಯಲ್ಲಿ ಇರುವ ಒಂದೇ ಗಟ್ಟಿ ಕಂಪ್ಯೂಟರನ್ನು ಇಬ್ಬರು ಮೂವರು ತಮ್ಮ ಹಳೆಯ ಲ್ಯಾಪ್‌ಟಾಪುಗಳಿಂದ ಏಕಕಾಲಕ್ಕೆ ಬಳಸಬೇಕು ಎಂದರೆ ಸಾಮಾನ್ಯವಾಗಿ ಸಿಗುವ ಸಲಹೆ ‘ಆರ್‌ಡಿಪಿ ವ್ರ್ಯಾಪರ್ ಹಾಕಿಸಿ’ ಎಂಬುದು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪಿಗೆ, ಅಂದರೆ ಒಂದು ಯಂತ್ರವನ್ನು ಜಾಲದ ಮೂಲಕ ಇನ್ನೊಂದರಿಂದ ಬಳಸುವ ಸೌಲಭ್ಯಕ್ಕೆ, ಇರುವ ಮಿತಿಯನ್ನು ದಾಟಿಸುವ ಹೊರಗಿನ ತಂತ್ರಾಂಶ ಇದು. ದಯವಿಟ್ಟು ಹಾಕಿಸಬೇಡಿ. ಅದರ ಬದಲು ಆ ಯಂತ್ರದಿಂದ ವಿಂಡೋಸ್ ತೆಗೆದು, ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕುವುದು ಲೇಸು.

ವಿಂಡೋಸ್ ಹೋಮ್ ಆವೃತ್ತಿಯಿಂದ ಬೇರೆ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋಗಬಹುದು, ಹೋಮ್ ಇರುವ ಯಂತ್ರದೊಳಕ್ಕೆ ಬರಲಾಗದು. ಪ್ರೊ ಆವೃತ್ತಿಯೊಳಕ್ಕೆ ಬರಬಹುದು, ಆದರೆ ಒಂದು ಹೊತ್ತಿಗೆ ಒಬ್ಬರೇ. ಮಗಳು ಕೋಣೆಯಿಂದ ಲಾಗಿನ್ ಆದರೆ ಯಂತ್ರದ ಮುಂದೆ ಕೂತ ತಂದೆಯ ಪರದೆ ಲಾಕ್ ಆಗುತ್ತದೆ. ಈ ಮಿತಿ ಪರವಾನಗಿಯ ಷರತ್ತಿನಲ್ಲೇ ಇದೆ. ವ್ರ್ಯಾಪರ್ ಅದನ್ನು ಮುರಿಯುತ್ತದೆ.

ಮುರಿದರೂ ಅದು ಬಾಳುವುದಿಲ್ಲ. ರಿಮೋಟ್ ಡೆಸ್ಕ್‌ಟಾಪನ್ನು ನಡೆಸುವ ವಿಂಡೋಸಿನ ‘ಟರ್ಮ್‌ಸರ್ವ್.ಡಿಎಲ್‌ಎಲ್’ ಕಡತದ ಪ್ರತಿ ಆವೃತ್ತಿಯಲ್ಲಿ ಎಲ್ಲೆಲ್ಲಿ ತಿದ್ದಬೇಕು ಎಂಬ ಪಟ್ಟಿಯನ್ನು ವ್ರ್ಯಾಪರ್ ಒಂದು ಐಎನ್‌ಐ (ಸೆಟ್ಟಿಂಗ್) ಕಡತದಲ್ಲಿ ಇಟ್ಟುಕೊಂಡಿರುತ್ತದೆ. ಅಪ್‌ಡೇಟ್ ಬಂದು ಆ ಡಿಎಲ್‌ಎಲ್ ಬದಲಾದರೆ ಪಟ್ಟಿಯ ಲೆಕ್ಕ ತಪ್ಪುತ್ತದೆ, ಎರಡನೆಯವರಿಗೆ ಬಾಗಿಲು ಮುಚ್ಚುತ್ತದೆ. ಆಗ ಜನ ಎರಡರಲ್ಲಿ ಒಂದು ತಪ್ಪು ಮಾಡುತ್ತಾರೆ: ಯಾರೋ ಅಪರಿಚಿತರು ತಯಾರಿಸಿದ ಐಎನ್‌ಐ ಇಳಿಸಿಕೊಳ್ಳುವುದು, ಇಲ್ಲವೇ ಅಪ್‌ಡೇಟನ್ನೇ ನಿಲ್ಲಿಸುವುದು. ಎರಡನೆಯದು ಎಷ್ಟು ಅಪಾಯ ಎಂಬುದು 2019ರ ಮೇ ತಿಂಗಳಲ್ಲಿ ಗೊತ್ತಾಯಿತು. ವಿಂಡೋಸ್ 7ರ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಆಗುವ ‘ಬ್ಲೂಕೀಪ್’ ದೋಷ ಬಯಲಾದಾಗ, ಬೆಂಬಲ ಮುಗಿದಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಬಿಡುಗಡೆ ಮಾಡಬೇಕಾಯಿತು.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಕಾರಣಕ್ಕೆ ವಿಂಡೋಸ್ 11ಕ್ಕೆ ಹೋಗಲಾರದ ಡೆಸ್ಕ್‌ಟಾಪ್ ನಿಮ್ಮಲ್ಲಿದ್ದರೆ, ಲಿನಕ್ಸ್ ಹಾಕಿ ಮೂವರು ಬಳಸಲು ಅದು ಹೇಳಿ ಮಾಡಿಸಿದ್ದು. ನಾಲ್ಕು ಕೋರಿನ ಐ5, 16 ಜಿಬಿ ರ್‍ಯಾಮ್, 240 ಜಿಬಿ ಎಸ್‌ಎಸ್‌ಡಿ ಇದ್ದರೆ ಬ್ರೌಸರ್, ಲಿಬ್ರೆಆಫೀಸ್ ಬಳಸುವ ಮೂವರಿಗೆ ಧಾರಾಳ. ಬ್ರೌಸರ್ ತೆರೆದ ಒಬ್ಬರಿಗೆ ಒಂದೂವರೆಯಿಂದ ಎರಡು ಜಿಬಿ ರ್‍ಯಾಮ್ ಎಂದು ಲೆಕ್ಕ ಹಾಕಿ. ಹಾರ್ಡ್ ಡಿಸ್ಕ್ ಇದ್ದರೆ ಮೊದಲು ಎಸ್‌ಎಸ್‌ಡಿಗೆ ಬದಲಿಸಿ. ಮೂವರು ಒಟ್ಟಿಗೆ ಕಡತ ತೆರೆದಾಗ ಮೊದಲು ಕುಂಟುವುದು ಡಿಸ್ಕೇ. ಯಂತ್ರದಿಂದ ರೂಟರಿಗೆ ವೈಫೈ ಬೇಡ, ಕೇಬಲ್ ಎಳೆಯಿರಿ.

ಹಳೆಯ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಡೆಬಿಯನ್ ಹಾಕಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ತೆರೆಯಿರಿ. ರಿಮೋಟ್ ಡೆಸ್ಕ್‌ಟಾಪ್ ಸಂಪರ್ಕವನ್ನು ಲಿನಕ್ಸಿನಲ್ಲಿ ಸ್ವೀಕರಿಸುವ ‘ಎಕ್ಸ್‌ಆರ್‌ಡಿಪಿ’ (xrdp) ಮತ್ತು ‘ಕ್ಸೋರ್ಗ್‌ಎಕ್ಸ್‌ಆರ್‌ಡಿಪಿ’ (xorgxrdp) ಎಂಬ ಎರಡು ಪ್ಯಾಕೇಜು ಸ್ಥಾಪಿಸಿ, ಎಕ್ಸ್‌ಆರ್‌ಡಿಪಿ ಹೆಸರಿನ ವ್ಯವಸ್ಥೆಯ ಖಾತೆಯನ್ನು ‘ಎಸ್‌ಎಸ್‌ಎಲ್-ಸರ್ಟ್’ ಗುಂಪಿಗೆ ಸೇರಿಸಿ. ಇಲ್ಲದಿದ್ದರೆ ಸಂಪರ್ಕವನ್ನು ಸುರಕ್ಷಿತಗೊಳಿಸುವ ಪ್ರಮಾಣಪತ್ರದ ಕೀಲಿಯನ್ನು ಓದಲು ಅದಕ್ಕೆ ಅನುಮತಿ ಸಿಗುವುದಿಲ್ಲ. ರೂಟರಿನಲ್ಲಿ ಈ ಯಂತ್ರಕ್ಕೆ ಐಪಿ ವಿಳಾಸವನ್ನು ಕಾಯಂ ಮಾಡಿ. ಅಷ್ಟಾದರೆ ವಿಂಡೋಸ್ ಹೋಮ್ ಇರುವ ಲ್ಯಾಪ್‌ಟಾಪಿನ ‘ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್’ನಿಂದಲೇ ಮೂವರೂ ಒಳಬರಬಹುದು. ಯಾರ ಪರದೆಯೂ ಲಾಕ್ ಆಗದು, ಪರವಾನಗಿಯ ತಕರಾರೂ ಇಲ್ಲ.

ಅತಿ ಹೆಚ್ಚು ಕಾಡುವುದು ಕಪ್ಪು ಪರದೆ. ಲಾಗಿನ್ ಆಗುತ್ತದೆ, ಪರದೆ ಕಪ್ಪಾಗುತ್ತದೆ, ಸಂಪರ್ಕ ಕಡಿಯುತ್ತದೆ. ಅದೇ ಖಾತೆಯಲ್ಲಿ ಯಾರೋ ಯಂತ್ರದ ಮುಂದೆಯೇ ಲಾಗಿನ್ ಆಗಿ ಕೂತಿರುತ್ತಾರೆ. ಬಹುತೇಕ ಸಲ ಕಾರಣ ಅಷ್ಟೇ. ಒಂದು ಖಾತೆಗೆ ಒಂದೇ ಕಡೆ ಲಾಗಿನ್ ಎಂಬ ಶಿಸ್ತು ಇಟ್ಟುಕೊಳ್ಳಿ. ರಿಮೋಟ್ ಡೆಸ್ಕ್‌ಟಾಪಿನ ಕಿಟಕಿ ಮುಚ್ಚಿದ ಮಾತ್ರಕ್ಕೆ ಲಾಗ್‌ಔಟ್ ಆಗುವುದಿಲ್ಲ ಎಂಬುದನ್ನೂ ಮನೆಯವರಿಗೆ ತಿಳಿಸಿ. ಒಳಗೆ ತೆರೆದಿಟ್ಟದ್ದೆಲ್ಲ ಹಾಗೇ ಓಡುತ್ತ ರ್‍ಯಾಮ್ ತಿನ್ನುತ್ತಿರುತ್ತದೆ. ವಿಡಿಯೋ ಇದರಲ್ಲಿ ಚೆನ್ನಾಗಿ ಓಡದು, ಧ್ವನಿಗೆ ಬೇರೆ ಮಾಡ್ಯೂಲ್ ಬೇಕು. ಆನ್‌ಲೈನ್ ತರಗತಿಯನ್ನು ಲ್ಯಾಪ್‌ಟಾಪಿನಲ್ಲೇ ನೋಡುವುದು ಲೇಸು.

ಕನ್ನಡದ ಬಗ್ಗೆ ಅಳುಕು ಬೇಡ. ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜಿನಲ್ಲಿ ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಕನ್ನಡ ಟೈಪಿಸಲು ‘ಐಬಸ್-ಎಂ17ಎನ್’ ಹಾಕಿದರೆ ನುಡಿಯಲ್ಲಿ ಟೈಪಿಸುವವರಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಪ್ರತಿ ಖಾತೆಯಲ್ಲೂ ‘ಐಎಂ-ಕಾನ್ಫಿಗ್’ ತೆರೆದು ಐಬಸ್ ಆರಿಸಿ, ಪೂರ್ತಿ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಲ್ಯಾಪ್‌ಟಾಪಿನ ಕೀಲಿಮಣೆ ಇಂಗ್ಲಿಷಿನಲ್ಲೇ ಇರಲಿ, ಎರಡೂ ಕಡೆ ಕನ್ನಡ ಇಟ್ಟರೆ ಅಕ್ಷರ ಕಲಸುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಕಡತಗಳನ್ನು ಮಾತ್ರ ವಿಂಡೋಸ್ ತೆಗೆಯುವ ಮುನ್ನವೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಊರಾಚೆಯಿಂದ ಬಳಸಲು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್ (ಸಂಪರ್ಕದ ಬಾಗಿಲು) ತೆರೆಯುವವರಿಗೆ ಒಂದು ಮಾತು. ಆ ಪೋರ್ಟನ್ನು ಹುಡುಕುತ್ತ, ಪಾಸ್‌ವರ್ಡ್ ಊಹಿಸುತ್ತ ಅಂತರಜಾಲದಲ್ಲಿ ಸ್ವಯಂಚಾಲಿತ ತಂತ್ರಾಂಶಗಳು ಹಗಲೂ ರಾತ್ರಿ ಓಡಾಡುತ್ತಿವೆ. ಪೋರ್ಟ್ ಸಂಖ್ಯೆ ಬದಲಿಸಿದರೂ ಕಂಡುಹಿಡಿಯುತ್ತವೆ. ವೈರ್‌ಗಾರ್ಡ್ ಎಂಬ ವಿಪಿಎನ್ (ಅಂತರಜಾಲದೊಳಗಿನ ಖಾಸಗಿ ಸುರಂಗ) ಹಾಕಿ ಅದರೊಳಗಿಂದ ಬನ್ನಿ. ರೂಟರಿನ ವ್ಯಾನ್ (ಹೊರಜಾಲದ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಸೇವೆ ಕೊಡುವವರು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದ್ದಾರೆಂದು ಅರ್ಥ. ಅಲ್ಲಿ ಪೋರ್ಟ್ ತೆರೆದರೂ ಫಲವಿಲ್ಲ, ಪೋರ್ಟ್ ತೆರೆಯದೆಯೇ ಯಂತ್ರಗಳನ್ನು ಜೋಡಿಸುವ ಟೇಲ್‌ಸ್ಕೇಲ್‌ನಂಥ ಸೇವೆ ಬೇಕಾಗುತ್ತದೆ.

ಟ್ಯಾಲಿಯಂತಹ ವಿಂಡೋಸ್ ತಂತ್ರಾಂಶವನ್ನೇ ಹಲವರು ಬಳಸಬೇಕಾದ ಲೆಕ್ಕಪತ್ರದ ಕಚೇರಿಗಳಿಗೆ ಈ ದಾರಿ ಆಗದು. ಅವರಿಗೆ ಬೇಕಾದದ್ದು ವಿಂಡೋಸ್ ಸರ್ವರ್. ಅದರಲ್ಲಿ ಆಡಳಿತದ ಕೆಲಸಕ್ಕೆ ಮಾತ್ರ ಎರಡು ಸಂಪರ್ಕ ಉಚಿತ. ಉಳಿದ ಬಳಕೆಗೆ ಬಳಸುವ ಆಳಿಗೊಂದು ಅಥವಾ ಒಳಬರುವ ಯಂತ್ರಕ್ಕೊಂದು ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸೇವೆಯ) ಪರವಾನಗಿ ಕೊಳ್ಳಬೇಕು. ಪರವಾನಗಿ ಇಲ್ಲದೆ ಓಡುವುದು 120 ದಿನ ಮಾತ್ರ, ಆಮೇಲೆ ಸಂಪರ್ಕ ನಿಲ್ಲುತ್ತದೆ. ಟ್ಯಾಲಿಯಲ್ಲೂ ಹಲವರ ಬಳಕೆಗೆ ಬೇಕಾದದ್ದು ಗೋಲ್ಡ್ ಪರವಾನಗಿ, ಸಿಲ್ವರ್ ಒಬ್ಬರಿಗಷ್ಟೇ. ಯಂತ್ರ ಮಾರುವವರು ಈ ಎರಡೂ ಖರ್ಚನ್ನು ಅಂದಾಜು ಪಟ್ಟಿಯಲ್ಲೇ ಬರೆದು ಕೊಡಲಿ.

— ಕಂಪ್ಯೂಟರ್ ಜಾಲ ನಿರ್ವಹಣೆಯ ಕೆಲಸದಲ್ಲಿರುವ ಓದುಗರು, ದಾವಣಗೆರೆ