ಗೆಳೆಯನಿಗೊಂದು ಪತ್ರ: ಎರಡನೆಯ ಅಡುಗೆಮನೆ

ಪ್ರಿಯ ಗೆಳೆಯಾ,

ನಿನ್ನ ಪತ್ರವೂ, ಅದರ ಜೊತೆಗೆ ಕಳಿಸಿದ ಆಕ್ಷೇಪಣೆಯ ಕರಡೂ ತಲುಪಿದವು. ನಿಮ್ಮ ಮನೆಯ ಎದುರಿನ ವಾಸದ ನಿವೇಶನಗಳನ್ನು ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಿ ಅಲ್ಲೊಂದು ಕಲ್ಯಾಣ ಮಂಟಪ ಕಟ್ಟುವ ಪ್ರಸ್ತಾವದ ಪ್ರಕಟಣೆ ಪತ್ರಿಕೆಯಲ್ಲಿ ಬಂದಿರುವುದನ್ನೂ, ಆಕ್ಷೇಪಣೆ ಸಲ್ಲಿಸಲು ಇನ್ನು ಕೆಲವೇ ದಿನಗಳು ಉಳಿದಿರುವುದನ್ನೂ ಬರೆದಿದ್ದೀಯೆ. ‘ನೀನು ಅಮೆರಿಕದಲ್ಲಿ ಇಂಥದ್ದಕ್ಕೇ ಜಡ್ಜ್ ಆಗಿದ್ದೀಯಂತಲ್ಲ, ಇದನ್ನು ಗಟ್ಟಿಯಾಗಿ ತಿದ್ದಿಕೊಡು’ ಎಂದೂ ಕೇಳಿದ್ದೀಯೆ. ಕರಡನ್ನು ಎರಡು ಸಲ ಓದಿದೆ. ನಾಲ್ಕು ಪುಟಗಳಲ್ಲಿ ಮೂರು ಪುಟಗಳನ್ನು ಹೊಡೆದುಹಾಕಬೇಕೆಂದು ನಾನು ಹೇಳಲಿದ್ದೇನೆ. ಸಿಟ್ಟಾಗುವ ಮೊದಲು ಏಕೆಂದು ಕೇಳು.

ಜಡ್ಜ್ ಎಂಬ ಮಾತನ್ನು ಮೊದಲು ತೆಗೆದುಬಿಡೋಣ. ನಾನಿರುವುದು ನ್ಯೂಜೆರ್ಸಿಯ ಒಂದು ಸಾಧಾರಣ ಟೌನ್‌ಶಿಪ್ಪಿನ ಝೋನಿಂಗ್ ಬೋರ್ಡಿನಲ್ಲಿ. ಟೌನ್‌ಶಿಪ್ ಎಂದರೆ ಇಲ್ಲಿ ತನ್ನದೇ ಸ್ಥಳೀಯ ಆಡಳಿತವಿರುವ ಊರು; ಊರಿನ ಯಾವ ಜಾಗವನ್ನು ಯಾವುದಕ್ಕೆ ಬಳಸಬಹುದೆಂಬ ಕಟ್ಟಳೆಯೇ ಝೋನಿಂಗ್. ಈ ರಾಜ್ಯದ 1975ರ ಭೂಬಳಕೆ ಕಾಯಿದೆಯ ಪ್ರಕಾರ ಇಂಥ ಬೋರ್ಡಿಗೆ ಏಳು ಮಂದಿ ಪೂರ್ಣ ಸದಸ್ಯರು, ಜೊತೆಗೆ ಹೆಚ್ಚೆಂದರೆ ನಾಲ್ವರು ಬದಲಿ ಸದಸ್ಯರು. ಪೂರ್ಣ ಸದಸ್ಯರ ಅವಧಿ ನಾಲ್ಕು ವರ್ಷ. ನಮಗೆ ಸಂಬಳವಿಲ್ಲ. ನನ್ನ ಎಡಕ್ಕೆ ಕೂರುವವರು ನಿವೃತ್ತ ಶಿಕ್ಷಕಿ, ಬಲಕ್ಕೆ ಕೂರುವವರು ಪ್ಲಂಬರ್, ನಾನು ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಬಂದವನು. ನೇಮಕವಾದ 18 ತಿಂಗಳೊಳಗೆ ಒಂದು ಚಿಕ್ಕ ತರಬೇತಿಯನ್ನು ಮುಗಿಸಬೇಕೆಂಬುದನ್ನು ಬಿಟ್ಟರೆ ನಮಗೆ ಬೇರೆ ಅರ್ಹತೆಯನ್ನು ಯಾರೂ ಕೇಳುವುದಿಲ್ಲ. ಆದರೂ ಸಂಜೆ ಏಳೂವರೆಗೆ ಸಭೆ ಆರಂಭವಾದ ಮೇಲೆ ನಮ್ಮ ಮುಂದೆ ಮಾತನಾಡುವವರೆಲ್ಲ ಪ್ರಮಾಣ ಸ್ವೀಕರಿಸಿ ಮಾತನಾಡುತ್ತಾರೆ, ವಕೀಲರು ಪಾಟೀಸವಾಲು ಮಾಡುತ್ತಾರೆ, ಪ್ರತಿಯೊಂದು ಮಾತೂ ಧ್ವನಿಮುದ್ರಣವಾಗುತ್ತದೆ, ಮತ್ತು ನಾವು ಕೈಯೆತ್ತಿ ಹೇಳಿದ್ದನ್ನು ಯಾರಾದರೂ ಪ್ರಶ್ನಿಸಬೇಕಾದರೆ ರಾಜ್ಯದ ಸುಪೀರಿಯರ್ ಕೋರ್ಟಿಗೆ ಹೋಗಬೇಕಾಗುತ್ತದೆ.

ನಾವು ತೀರ್ಮಾನಿಸುವುದು ಒಂದೇ ಬಗೆಯ ಪ್ರಶ್ನೆಯನ್ನು: ಊರಿನ ಝೋನಿಂಗ್ ನಿಯಮ ಬೇಡವೆನ್ನುವುದನ್ನು ಈ ಒಂದು ಜಾಗದಲ್ಲಿ ಮಾಡಲು ಬಿಡಬಹುದೇ? ಅದಕ್ಕಿಲ್ಲಿ ವೇರಿಯನ್ಸ್ ಎನ್ನುತ್ತಾರೆ, ವಿನಾಯಿತಿ ಎಂದುಕೋ. ಕಾಯಿದೆಯ ಉಪವಿಭಾಗದ ಅಕ್ಷರಗಳಿಂದಲೇ ಅವುಗಳನ್ನು ‘ಸಿ’ ಮತ್ತು ‘ಡಿ’ ಎಂದು ಕರೆಯುವುದು ರೂಢಿ. ಬೇಲಿ ಮಿತಿಗಿಂತ ಎರಡಡಿ ಎತ್ತರವಾಯಿತು, ಹಿತ್ತಿಲ ಜಗಲಿ ಸೆಟ್‌ಬ್ಯಾಕಿನೊಳಗೆ, ಎಂದರೆ ಗಡಿಯಿಂದ ಖಾಲಿ ಬಿಡಬೇಕಾದ ಜಾಗದೊಳಗೆ, ಮೂರಡಿ ನುಗ್ಗಿತು ಎಂಬಂಥವು ‘ಸಿ’ಗೆ ಸೇರುತ್ತವೆ, ಅಲ್ಲಿ ಬಹುಮತ ಸಾಕು. ಮನೆಯಿರಬೇಕಾದ ಕಡೆ ಅಂಗಡಿ, ಒಂದು ಕುಟುಂಬದ ಮನೆಯಿರಬೇಕಾದ ಕಡೆ ಎರಡು ಕುಟುಂಬಗಳ ಮನೆ, ಹೀಗೆ ಉಪಯೋಗವೇ ಬದಲಾಗುವುದಾದರೆ ಅದು ‘ಡಿ’. ಅದಕ್ಕೆ ಏಳರಲ್ಲಿ ಐದು ಮತಗಳು ಬೇಕೇಬೇಕು. ಈ ಐದು ಎಂಬ ಅಂಕಿಯನ್ನು ನೆನಪಿಟ್ಟುಕೋ.

ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ಅರ್ಜಿದಾರನು ತನ್ನ ಜಾಗದ ಸುತ್ತ 200 ಅಡಿಯೊಳಗಿರುವ ಎಲ್ಲ ಆಸ್ತಿಗಳ ಮಾಲೀಕರಿಗೂ ನೋಟಿಸು ಕೊಡಬೇಕು, ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಹಾಗಾಗಿ ಜನ ಬರುತ್ತಾರೆ. ಮೊದಲ ವರ್ಷ ನನಗೆ ಕಷ್ಟವಾದದ್ದು ಕಾಯಿದೆಯಲ್ಲ, ಈ ಜನರ ಮಾತು. ಇಪ್ಪತ್ತು ಮಂದಿ ಎದ್ದು ನಿಂತು, ಕೆಲವರು ಕಣ್ಣೀರು ಹಾಕುತ್ತ, ಮೂವತ್ತು ವರ್ಷಗಳಿಂದ ಇಲ್ಲಿದ್ದೇವೆ, ಇದು ಹೀಗಾಗಲು ಬಿಡಬೇಡಿ ಎಂದು ಕೇಳಿಕೊಂಡಾಗ, ಅವರೆಲ್ಲ ನಿಜವನ್ನೇ ಹೇಳುತ್ತಿದ್ದಾರೆಂದು ಗೊತ್ತಿದ್ದೂ ಅದರಲ್ಲಿ ಬಹುಪಾಲನ್ನು ಲೆಕ್ಕದಿಂದ ಹೊರಗಿಡಬೇಕಾಗುತ್ತದೆ. ಎಷ್ಟು ಜನ ವಿರೋಧಿಸಿದರೆಂಬುದು ಲೆಕ್ಕಕ್ಕಿಲ್ಲ. ನೂರು ಸಹಿಗಳ ಮನವಿಯನ್ನು ತಂದರೆ ನಮ್ಮ ಬೋರ್ಡಿನ ವಕೀಲರು ಅದನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಬಿಡುವುದಿಲ್ಲ, ಏಕೆಂದರೆ ಸಹಿಯನ್ನು ಪಾಟೀಸವಾಲಿಗೆ ಒಳಪಡಿಸಲಾಗುವುದಿಲ್ಲ. ಅರ್ಜಿದಾರನು ಒಳ್ಳೆಯವನೋ ಕೆಟ್ಟವನೋ, ಬಾಡಿಗೆಗೆ ಬರುವವರು ಎಂಥವರೋ, ಅವೂ ಲೆಕ್ಕಕ್ಕಿಲ್ಲ. ನೋಡಬೇಕಾದದ್ದು ಇಷ್ಟೇ: ಈ ವಿನಾಯಿತಿಗೆ ಕಾಯಿದೆ ಒಪ್ಪುವ ಕಾರಣವಿದೆಯೇ, ಇದರಿಂದ ಸುತ್ತಲಿನವರ ಹಿತಕ್ಕೆ ಗಣನೀಯ ಧಕ್ಕೆಯಾಗುತ್ತದೆಯೇ, ಊರಿನ ಯೋಜನೆಯ ಉದ್ದೇಶ ಕೆಡುತ್ತದೆಯೇ.

ಈ ಕಟ್ಟುನಿಟ್ಟು ನನಗೆ ಮೊದಮೊದಲು ಕಲ್ಲುಮನಸ್ಸಿನದಾಗಿ ಕಂಡಿತ್ತು. ಅದು ಏಕೆ ಬೇಕೆಂದು ತಿಳಿದದ್ದು ಇದೇ ರಾಜ್ಯದ ಬರ್ನಾರ್ಡ್ಸ್ ಟೌನ್‌ಶಿಪ್ಪಿನ ಪ್ರಕರಣವನ್ನು ಓದಿದ ಮೇಲೆ. 2012ರಲ್ಲಿ ಅಲ್ಲೊಂದು ಮಸೀದಿ ಕಟ್ಟಲು ಅರ್ಜಿ ಬಂತು. ಅಲ್ಲಿನ ಪ್ಲಾನಿಂಗ್ ಬೋರ್ಡು (ಕಟ್ಟಡದ ಯೋಜನೆಗಳನ್ನು ಪರಿಶೀಲಿಸುವ, ನಮ್ಮಂಥದ್ದೇ ಇನ್ನೊಂದು ಮಂಡಳಿ) 39 ಸಭೆಗಳನ್ನು ನಡೆಸಿ 2015ರ ಡಿಸೆಂಬರಿನಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಅಷ್ಟು ಸಭೆಗಳಲ್ಲಿ ಹೆಚ್ಚಾಗಿ ಚರ್ಚೆಯಾದದ್ದು ವಾಹನ ನಿಲುಗಡೆ, ಮಳೆನೀರು, ಬೇಲಿ ಮುಂತಾದವು. ಊರಿನ ನಿಯಮದಲ್ಲಿ ಚರ್ಚುಗಳಿಗೆ ಮೂವರಿಗೊಂದು ಕಾರಿನ ಜಾಗ ಎಂದಿತ್ತು. ಆ ಲೆಕ್ಕದಲ್ಲಿ ಮಸೀದಿಗೆ 50 ಜಾಗಗಳು ಸಾಕಾಗುತ್ತಿದ್ದವು, ಬೋರ್ಡು 107 ಕೇಳಿತು. 2016ರ ಕೊನೆಯ ದಿನ ಫೆಡರಲ್ ನ್ಯಾಯಾಧೀಶರು ಇದನ್ನು ಭೇದಭಾವವೆಂದು ಎತ್ತಿ ತೋರಿಸಿದರು; 2017ರಲ್ಲಿ ಟೌನ್‌ಶಿಪ್ಪು 32.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪಾರ್ಕಿಂಗ್ ಎಂಬ ಪದದ ಹೊಟ್ಟೆಯೊಳಗೆ ಏನೇನನ್ನು ಬಚ್ಚಿಡಬಹುದು ನೋಡು. ನಾಳೆ ನಮ್ಮವರು ಕಟ್ಟುವ ದೇವಸ್ಥಾನದ ಅರ್ಜಿಗೂ ಇದೇ ಗತಿ ಬರಬಾರದೆಂದಿದ್ದರೆ, ಜಾಗವನ್ನು ಯಾರು ಬಳಸುತ್ತಾರೆಂದು ನೋಡದೆ ಯಾವುದಕ್ಕೆ ಬಳಸುತ್ತಾರೆಂದು ಮಾತ್ರ ನೋಡುವ ನಿಯಮವೇ ನಮಗೆ ರಕ್ಷೆ ಎಂದು ಅಂದಿನಿಂದ ನಂಬಿದ್ದೆ.

ಆ ನಂಬಿಕೆಯ ಬೆಲೆ ಏನೆಂದು ಕಳೆದ ವರ್ಷ ಗೊತ್ತಾಯಿತು.

ನಮ್ಮ ಕನ್ನಡ ಸಂಘದ ಒಬ್ಬರು, ನನಗೆ ಹದಿನೈದು ವರ್ಷಗಳ ಪರಿಚಿತರು, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನನ್ನ ಪಕ್ಕ ನಿಂತು ತಮ್ಮ ವಿಷಯವನ್ನು ತೆಗೆದರು. ಊರಿನಿಂದ ತಂದೆತಾಯಿಯರನ್ನು ಶಾಶ್ವತವಾಗಿ ಕರೆಸಿಕೊಂಡಿದ್ದರು. ತಾಯಿಗೆ ಎಂಬತ್ತು ಹತ್ತಿರ, ಮಡಿಯ ಅಡುಗೆ, ಈರುಳ್ಳಿ ಬೆಳ್ಳುಳ್ಳಿ ಸೋಂಕಿದ ಒಲೆಯನ್ನು ಮುಟ್ಟುವುದಿಲ್ಲ. ಅದಕ್ಕಾಗಿ ಮನೆಯ ಪಕ್ಕಕ್ಕೆ ಎರಡು ಕೋಣೆಗಳನ್ನೂ ಬೇರೆ ಬಾಗಿಲನ್ನೂ ಬೇರೆ ಅಡುಗೆಮನೆಯನ್ನೂ ಕಟ್ಟಿಸಬೇಕೆಂದು ನಕ್ಷೆ ಮಾಡಿಸಿದ್ದರು. ಅದು ಒಂದು ಕುಟುಂಬದ ಮನೆಗಳಿಗೆ ಮೀಸಲಾದ ವಲಯ. ಬೇರೆ ಬಾಗಿಲು, ಬೇರೆ ಒಲೆ ಎರಡೂ ಸೇರಿದರೆ ಕಾಯಿದೆಯ ಕಣ್ಣಿಗೆ ಅದು ಎರಡನೆಯ ಮನೆ. ಎಂದರೆ ‘ಡಿ’. “ನೀವಿದ್ದೀರಲ್ಲ ಸಾರ್, ಸ್ವಲ್ಪ ನೋಡಿಕೊಳ್ಳಿ” ಎಂದರು. ನಮ್ಮ ಕಡೆ ಈ ಮಾತಿನಲ್ಲಿ ತಪ್ಪೇನೂ ಇಲ್ಲವೆಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಬೋರ್ಡಿನ ಮುಂದಿರುವ ವಿಷಯವನ್ನು ಸದಸ್ಯನು ವಿಚಾರಣೆಯ ಹೊರಗೆ ಯಾರೊಡನೆಯೂ ಮಾತನಾಡುವಂತಿಲ್ಲ. ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡು, “ಈ ವಿಷಯ ನನ್ನೊಡನೆ ಬೇಡ” ಎಂದು ಹೇಳಿ ಸಾಲಿನಿಂದ ಸರಿದುಹೋದೆ. ಅವರ ಮುಖವನ್ನು ನೋಡಲಿಲ್ಲ.

ವಿಚಾರಣೆಯ ರಾತ್ರಿ, ಅರ್ಜಿದಾರರು ನನಗೆ ಪರಿಚಿತರು, ಈ ಬಗ್ಗೆ ನನ್ನೊಡನೆ ಮಾತೆತ್ತಿದ್ದರು ಎಂದು ದಾಖಲೆಗೆ ಹೇಳಿ, ವೇದಿಕೆಯಿಂದ ಇಳಿದು ಕೋಣೆಯಿಂದ ಹೊರಗೆ ಹೋದೆ. ನನ್ನ ಕುರ್ಚಿಯಲ್ಲಿ ಬದಲಿ ಸದಸ್ಯರೊಬ್ಬರು ಕೂತರು. ಒಳಗೆ ನಡೆದದ್ದನ್ನು ತೀರ್ಮಾನವಾದ ಮೇಲೆ ಧ್ವನಿಮುದ್ರಣದಲ್ಲಿ ಕೇಳಿದೆ. ಮಡಿ ಎಂದರೇನೆಂದು ವಿವರಿಸಲು ಅವರ ವಕೀಲರು ಪಟ್ಟ ಪಾಡು ಕೇಳಿ ನಗು ಬಂತು. ಒಲೆಯನ್ನು ತೊಳೆದರೆ ಸಾಲದೇ ಎಂದು ನಮ್ಮ ಪ್ಲಂಬರ್ ಕೇಳಿದ್ದು ಕುಚೋದ್ಯವಾಗಿರಲಿಲ್ಲ, ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಆಮೇಲೆ ಶಿಕ್ಷಕಿಯವರು ಹೇಳಿದ ಮಾತೇ ಪ್ರಕರಣದ ತಿರುಳು. ವಿನಾಯಿತಿ ಮನುಷ್ಯರಿಗೆ ಸಿಗುವುದಿಲ್ಲ, ನೆಲಕ್ಕೆ ಸಿಗುತ್ತದೆ. ಮನೆ ಮಾರಿದರೂ ಅದು ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಈ ತಾಯಿಯ ಕಾಲದ ನಂತರವೂ ಆ ಎರಡನೆಯ ಅಡುಗೆಮನೆ ಅಲ್ಲಿರುತ್ತದೆ, ಮುಂದಿನ ಮಾಲೀಕರು ಅದನ್ನು ಬಾಡಿಗೆಗೆ ಕೊಡುತ್ತಾರೆ, ಆಗ ಅದೇ ರಸ್ತೆಯ ಉಳಿದವರಿಗೆ ಬೇಡವೆನ್ನಲು ನಮ್ಮ ಬಳಿ ಏನು ಕಾರಣ ಉಳಿಯುತ್ತದೆ?

ಪರವಾಗಿ ನಾಲ್ಕು ಮತ, ವಿರೋಧವಾಗಿ ಮೂರು. ಬೇಕಾದದ್ದು ಐದು. ಹೆಚ್ಚು ಜನ ಒಪ್ಪಿದ ಅರ್ಜಿ ಬಿದ್ದುಹೋಯಿತು.

ನಾನು ಒಳಗಿದ್ದಿದ್ದರೆ ಐದನೆಯ ಮತವಾಗುತ್ತಿದ್ದೆನೇ ಎಂದು ನೀನು ಕೇಳುತ್ತೀಯೆ. ನನ್ನ ಹೆಂಡತಿಯೂ ಕೇಳಿದಳು. ಬದಲಿ ಸದಸ್ಯರು ವಿರೋಧವಾಗಿ ಮತ ಹಾಕಿದ್ದರೆಂಬುದು ನಿಜ. ಆದರೆ ಶಿಕ್ಷಕಿಯವರ ವಾದವನ್ನು ಮೂರು ಸಲ ಕೇಳಿದರೂ ಅದರಲ್ಲಿ ಬಿರುಕು ನನಗೆ ಕಾಣಲಿಲ್ಲ. ಬಳಸುವವರನ್ನು ನೋಡಬೇಡಿ, ಬಳಕೆಯನ್ನು ನೋಡಿ ಎಂಬ ಯಾವ ನಿಯಮ ಮಸೀದಿಯನ್ನೂ ದೇವಸ್ಥಾನವನ್ನೂ ಕಾಯುತ್ತದೆಂದು ನಾನು ಹೆಮ್ಮೆಪಟ್ಟಿದ್ದೆನೋ, ಅದೇ ನಿಯಮ ಮಡಿಯುಟ್ಟ ಮುದುಕಿಯನ್ನೂ ನೋಡಲೊಲ್ಲದು.

ಹಾಗೆಂದು ನಿಯಮವನ್ನೇ ಪ್ರಶ್ನಿಸಬಾರದೆಂದು ನಾನು ಹೇಳುತ್ತಿಲ್ಲ. ಒಂದು ಕುಟುಂಬಕ್ಕೊಂದೇ ಒಲೆ ಎಂಬುದನ್ನು ದೇವರೇನೂ ಬರೆದದ್ದಲ್ಲ. ಅಮೆರಿಕದಲ್ಲಿ ಝೋನಿಂಗ್ ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು 1926ರಲ್ಲಿ, ಓಹಾಯೋದ ಯೂಕ್ಲಿಡ್ ಎಂಬ ಹಳ್ಳಿಯ ಪ್ರಕರಣದಲ್ಲಿ. ಕೊಟ್ಟಿಗೆಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದರೆ ಹೇಗೋ ಹಾಗೆ, ಸರಿಯಾದ ವಸ್ತುವೂ ತಪ್ಪು ಜಾಗದಲ್ಲಿದ್ದರೆ ಪೀಡೆಯೇ ಎಂಬ ಹೋಲಿಕೆ ಆ ತೀರ್ಪಿನದೇ. ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಅದೇ ತೀರ್ಪು ಸ್ವಂತ ಮನೆಗಳ ನಡುವೆ ಬರುವ ಅಪಾರ್ಟ್‌ಮೆಂಟುಗಳನ್ನು ಪರಾವಲಂಬಿಗಳೆಂದೂ ಕರೆಯಿತು. ಹಂದಿ ಯಾವುದು, ನಡುಮನೆ ಯಾರದು ಎಂಬುದನ್ನು ಆಗಲೇ ನೆಲೆಯೂರಿದ್ದವರು ತೀರ್ಮಾನಿಸಿದ್ದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ, 1975ರಲ್ಲಿ, ಮೌಂಟ್ ಲಾರೆಲ್ ಪ್ರಕರಣದಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟು, ಬಡವರು ಬಂದು ನೆಲೆಸದಂತೆ ಝೋನಿಂಗನ್ನು ಬೇಲಿಯಾಗಿ ಬಳಸಕೂಡದೆಂದು ಹೇಳಬೇಕಾಯಿತು. ಮೂರು ತಲೆಮಾರು ಒಂದೇ ಸೂರಿನಡಿ ಇರುವ ಮನೆಗಳನ್ನು ನಮ್ಮ ಊರಿನ ನಿಯಮ ಬರೆದವರು ಊಹಿಸಿರಲಿಲ್ಲ. ನಿಯಮವನ್ನು ತಿದ್ದುವ ಅಧಿಕಾರ ಟೌನ್‌ಶಿಪ್ಪಿನ ಚುನಾಯಿತ ಸಮಿತಿಗಿದೆ, ನಮ್ಮ ಬೋರ್ಡಿಗಿಲ್ಲ. ಇಂಥ ಅರ್ಜಿಗಳು ಮತ್ತೆ ಮತ್ತೆ ಬರುತ್ತಿರುವುದರಿಂದ ನಿಯಮವನ್ನು ಪರಿಶೀಲಿಸಬೇಕೆಂದು ನಮ್ಮ ವಾರ್ಷಿಕ ವರದಿಯಲ್ಲಿ ಒಂದು ಪ್ಯಾರಾ ಸೇರಿಸಲು ನಾನು ಒತ್ತಾಯಿಸಿದೆ. ಸೇರಿದೆ. ಯಾರಾದರೂ ಓದಿದರೋ ಇಲ್ಲವೋ ಕಾಣೆ.

ಯುಗಾದಿಗೆ ಸಂಘದಲ್ಲಿ ಆ ತಾಯಿ ಬಡಿಸುತ್ತಿದ್ದರು. ನನ್ನ ಎಲೆಯ ಮುಂದೆ ಬಂದು ನಿಂತು, “ನಮ್ಮ ಅಡುಗೆಮನೆ ಬೇಡ ಅಂದವರು ನೀವೇನಪ್ಪಾ?” ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ, ಕುತೂಹಲವಿತ್ತು. “ನಾನು ಹೊರಗೆ ನಿಂತಿದ್ದೆ ಅಮ್ಮಾ” ಎಂದೆ. “ಹೊರಗೆ ನಿಂತು ಏನು ಮಾಡಿದಿರಿ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಳಿಗೆ ಹಾಕಿ ಮುಂದಿನ ಎಲೆಗೆ ಹೋದರು.

ಈಗ ನಿನ್ನ ಕರಡಿನ ವಿಷಯ. ಮಂಟಪ ಕಟ್ಟುವವರು ಹಣ ಮಾಡಿದ್ದು ಹೇಗೆ, ಯಾವ ಪಕ್ಷದವರ ಹಿಂದೆ ಓಡಾಡುತ್ತಾರೆ, ಅವರ ತಂದೆಗೆ ನಿಮ್ಮ ತಂದೆ ಎಷ್ಟು ಉಪಕಾರ ಮಾಡಿದ್ದರು ಎಂಬ ಮೂರು ಪುಟಗಳನ್ನು ತೆಗೆದುಹಾಕು. ಅವು ಸುಳ್ಳೆಂದಲ್ಲ, ನಾಳೆ ಅವರು ಆ ಜಾಗವನ್ನು ಸಜ್ಜನರೊಬ್ಬರಿಗೆ ಮಾರಿದರೆ ನಿನ್ನ ಆಕ್ಷೇಪಣೆಯೂ ಜೊತೆಯಲ್ಲೇ ಮಾರಾಟವಾಗಿಹೋಗುತ್ತದೆ. ನಮ್ಮ ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 14ಎ ಕಲಮಿನಡಿ ಭೂ ಉಪಯೋಗದ ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ನಿನ್ನ ಕೈಗೆ ಸಿಕ್ಕಿರುವ ಹಿಡಿ ‘ಸಾರ್ವಜನಿಕ ಹಿತ’ ಎಂಬ ಆ ಎರಡು ಪದಗಳೇ. ಅಲ್ಲಿ ಯೋಜನಾ ಪ್ರಾಧಿಕಾರದ ಮುಂದೆ ಎದ್ದು ನಿಂತು ಪ್ರಮಾಣ ಮಾಡಿ ಮಾತನಾಡುವ ಅವಕಾಶ ನಿನಗೆ ಇಲ್ಲಿಯಷ್ಟು ಸಿಗದಿರಬಹುದು, ಆದ್ದರಿಂದ ಕಾಗದವೇ ನಿನ್ನ ಪರವಾಗಿ ಮಾತನಾಡಬೇಕು.

ನಾಲ್ಕನೆಯ ಪುಟದ ಕೊನೆಯಲ್ಲಿ, ಮುಗಿಸುವ ಅವಸರದಲ್ಲಿ ಬರೆದಂತಿರುವ, ರಸ್ತೆ ಇಕ್ಕಟ್ಟಾಗಿದೆ, ಶಾಲೆಯ ಗೇಟು ಎದುರಿಗೇ ಇದೆ ಎಂಬ ಎರಡು ಸಾಲುಗಳಿವೆಯಲ್ಲ, ಅವೇ ನಿನ್ನ ಆಕ್ಷೇಪಣೆ. ಟೇಪು ಹಿಡಿದು ರಸ್ತೆಯ ಅಗಲವನ್ನು ಮೂರು ಕಡೆ ಅಳೆದು ಅಡಿಗಳಲ್ಲಿ ಬರೆ. ಶಾಲೆ ಬಿಡುವ ಹೊತ್ತಿಗೆ ಅರ್ಧ ಗಂಟೆಯಲ್ಲಿ ಎಷ್ಟು ಮಕ್ಕಳು, ಎಷ್ಟು ವಾಹನಗಳು ಆ ರಸ್ತೆಗೆ ಬರುತ್ತವೆಂದು ಒಂದು ವಾರದ ಐದು ದಿನ ಎಣಿಸು. ನಕ್ಷೆಯಲ್ಲಿ ಕಾರು ನಿಲ್ಲಿಸಲು ಎಷ್ಟು ಜಾಗ ತೋರಿಸಿದ್ದಾರೆ, ಸಭಾಂಗಣಕ್ಕೆ ಎಷ್ಟು ಮಂದಿ ಹಿಡಿಸುತ್ತಾರೆ ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಲು ಈಗ ಸಮಯವಿರಲಾರದು, ಕಚೇರಿಗೆ ಹೋಗಿ ಕಡತವನ್ನು ನೋಡಲು ಬಿಡುತ್ತಾರೆಯೇ ವಿಚಾರಿಸು. ಒಳಚರಂಡಿ ಈಗಾಗಲೇ ಮಳೆಗಾಲದಲ್ಲಿ ಉಕ್ಕುತ್ತದೆಂದು ನೀನು ಹಿಂದೊಮ್ಮೆ ಬರೆದಿದ್ದೆ. ಅದಕ್ಕೆ ನೀವು ಕೊಟ್ಟ ದೂರಿನ ಸ್ವೀಕೃತಿ ಪತ್ರಗಳನ್ನು ಜೊತೆಗಿಡು. ಸಲ್ಲಿಸಿದ ಪ್ರತಿಯ ಮೇಲೆ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡ.

ಅಳತೆಗಳು ಸಿಕ್ಕ ಕೂಡಲೇ ಹೊಸ ಕರಡನ್ನು ಕಳಿಸು. ನಿನ್ನ ಶುಕ್ರವಾರ ರಾತ್ರಿಯೊಳಗೆ ತಲುಪಿದರೆ ನೀನು ಶನಿವಾರ ಬೆಳಿಗ್ಗೆ ಏಳುವಷ್ಟರಲ್ಲಿ ತಿದ್ದಿ ಹಿಂದಿರುಗಿಸುತ್ತೇನೆ. ಒಂದೂವರೆ ಪುಟಕ್ಕಿಂತ ಹೆಚ್ಚಾಗದಿರಲಿ.

ಇಂತಿ ನಿನ್ನ ಗೆಳೆಯ