ಹಾಡು ಮುಗಿದ ಮೇಲಿನ ಮಾತು

ಸಂಘದ ಚಲನಚಿತ್ರ ಪ್ರದರ್ಶನಕ್ಕೆ ಚಿತ್ರ ಆರಿಸುವಾಗ, ದುರಂತದ ಕಥೆಗೆ ಇಂಪಾದ ಹಾಡು ಜೋಡಿಸುವುದು ಆ ದುಃಖಕ್ಕೆ ಬಗೆಯುವ ಅನ್ಯಾಯವಲ್ಲವೇ ಎಂದು ಕೆಲವು ಸದಸ್ಯರು ಕೇಳಿದ್ದರು. ರಜೆಗೆಂದು ಶಿರಸಿಗೆ ಬಂದು, ಇಲ್ಲಿಯ ಯಕ್ಷಗಾನಪ್ರಿಯರ ನಡುವೆ ಕುಳಿತು ಈ ಸಂಪಾದಕೀಯವನ್ನು ಬರೆಯುತ್ತಿರುವ ನನಗೆ, ಅನ್ಯಾಯವಿರುವುದು ಹಾಡಿನಲ್ಲಲ್ಲ, ಹಾಡಿನ ನಂತರದ ಮೌನದಲ್ಲಿ ಎನಿಸುತ್ತಿದೆ.

ಯಕ್ಷಗಾನದ ಹರಿಶ್ಚಂದ್ರ ಪ್ರಸಂಗದಲ್ಲಿ, ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಕುಳಿತಾಗ ಚಂಡೆ ಸುಮ್ಮನಾಗುತ್ತದೆ. ಮದ್ದಳೆಯ ಮೆಲುನುಡಿತದ ಮೇಲೆ ಭಾಗವತರು ನಿಧಾನವಾಗಿ ಪದ ಎತ್ತುತ್ತಾರೆ. ರಾಗ ಇಂಪಾಗಿಯೇ ಇರುತ್ತದೆ, ಮತ್ತು ನೋಡಲಾಗದ್ದನ್ನು ನೋಡುವ ಧೈರ್ಯ ಸಭೆಗೆ ಬರುವುದು ಆ ಇಂಪಿನಿಂದಲೇ. ಆದರೆ ಪದ ಮುಗಿದೊಡನೆ ಪಾತ್ರಧಾರಿ ಅರ್ಥ ಹೇಳಲೇಬೇಕು, ಅಂದರೆ ಹಾಡಿನಲ್ಲಿ ಬಂದದ್ದನ್ನು ಪಾತ್ರವಾಗಿ ಮಾತಿನಲ್ಲಿ ಆಡಲೇಬೇಕು. ಸುಡುಗಾಡಿನ ತೆರಿಗೆ ಕೊಡಲಾಗದ ತಾಯಿಯೂ, ಸತ್ತದ್ದು ತನ್ನ ಮಗನೇ ಎಂದು ತಿಳಿದೂ ತೆರಿಗೆ ಕೇಳುವ ತಂದೆಯೂ ಎದುರುಬದುರು ನಿಂತು ಮಾತಾಡುವಾಗ, ಹಾಡು ಹಗುರಗೊಳಿಸಿದ್ದೆಲ್ಲ ಮತ್ತೆ ತನ್ನ ಭಾರಕ್ಕೆ ಮರಳುತ್ತದೆ. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಈ ಶಿಸ್ತಿಲ್ಲ. ಪ್ರೇಕ್ಷಕ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಕಥೆ ಮುಂದಿನ ದೃಶ್ಯಕ್ಕೆ ದಾಟಿರುತ್ತದೆ.

ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆರೆಗೆ ತಂದ ‘ಶರಪಂಜರ’ ಹಾಗೆ ದಾಟಿಕೊಳ್ಳುವುದಿಲ್ಲ. ಮಾನಸಿಕ ಆಸ್ಪತ್ರೆಯಿಂದ ಮರಳಿದ ಕಾವೇರಿ, ವನವಾಸದಿಂದ ಹಿಂತಿರುಗಿದ ಸೀತೆಯನ್ನು ಕುರಿತು ಹಾಡುತ್ತಾಳೆ. ವಿಜಯಭಾಸ್ಕರ್ ಅವರ ಸಂಯೋಜನೆ ಅತ್ಯಂತ ಮಧುರವಾಗಿದೆ. ಸೀತೆಗೆ ಮುಂದೇನಾಯಿತೆಂಬುದು ಕೇಳುವವರಿಗೆಲ್ಲ ಗೊತ್ತು. ಹಾಡು ಮುಗಿದರೂ ಕಾವೇರಿಯನ್ನು ಹುಚ್ಚಿಯೆಂದೇ ಕಾಣುವ ಕಣ್ಣುಗಳು ಬದಲಾಗುವುದಿಲ್ಲ, ಗಂಡನ ಮನಸ್ಸೂ ಬದಲಾಗುವುದಿಲ್ಲ, ಕೊನೆಗೆ ಅವಳು ಆಸ್ಪತ್ರೆಗೇ ಮರಳಬೇಕಾಗುತ್ತದೆ. ಆ ಮಾಧುರ್ಯವಿಲ್ಲದಿದ್ದರೆ ಈ ಕ್ರೌರ್ಯ ನಮಗೆ ಇಷ್ಟು ನಾಟುತ್ತಿರಲಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಹತ್ತಿರದ ಕಾರಣವೊಂದಿದೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರು ಮಣ್ಣುಪಾಲಾದರು. ಪಕ್ಕದ ಗಂಗಾವಳಿ ನದಿಯಲ್ಲಿ ಕಾಣೆಯಾದವರ ಹುಡುಕಾಟ ಎರಡು ತಿಂಗಳು ಕಳೆದರೂ ಮುಗಿದಿರಲಿಲ್ಲ. ಮುಂದೊಂದು ದಿನ ಈ ಘಟನೆಯನ್ನು ಯಾರಾದರೂ ಸಿನಿಮಾ ಮಾಡಿಯಾರು. ಅದರಲ್ಲಿ ಹಾಡು ಖಂಡಿತ ಇರಲಿ, ನೊಂದ ಮನೆಗಳಿಗೂ ಅದು ಬೇಕಾದೀತು. ಆದರೆ ಹೆದ್ದಾರಿಗಾಗಿ ಗುಡ್ಡವನ್ನು ಕಡಿದ ಬಗೆ ಸರಿಯಿತ್ತೇ ಎಂಬ ಪ್ರಶ್ನೆಯನ್ನು ಆ ಹಾಡು ನುಂಗಿಹಾಕಬಾರದು.

ಸಂಘದ ಪ್ರದರ್ಶನಕ್ಕೆ ‘ಶರಪಂಜರ’ವನ್ನೇ ಆರಿಸಿದ್ದೇವೆ. ಚಿತ್ರದ ನಂತರ ಚರ್ಚೆಗೆಂದು ಸಮಯ ಮೀಸಲಿಟ್ಟಿರುವುದರಿಂದ, ಸದಸ್ಯರು ಊಟಕ್ಕೇಳುವ ಮೊದಲು ದಯವಿಟ್ಟು ಅದರಲ್ಲಿ ಪಾಲ್ಗೊಳ್ಳಬೇಕು.