ಮಗಳಿಗೊಂದು ಪತ್ರ: ಆಕ್ಸಲ್ ಬಿಚ್ಚುವ ಮುನ್ನ

ಪ್ರೀತಿಯ ಮಗಳೇ,

ನಿನ್ನ ಕಾಗದ ತಲುಪಿತು. 33 ಇಂಚಿನ ಟಯರ್ ಹಾಕಿಸಿದ ಮೇಲೆ ಗಾಡಿ ಏರು ಕಂಡರೆ ಉಬ್ಬಸಪಡುತ್ತಿದೆ, ಐದನೆಯ ಗೇರು ಇದ್ದೂ ಇಲ್ಲದಂತಾಗಿದೆ, ಆದ್ದರಿಂದ ಎರಡೂ ಆಕ್ಸಲ್‌ಗಳಿಗೆ 4.56 ಅನುಪಾತದ ಕ್ರೌನ್ ಪಿನಿಯನ್ (ದೊಡ್ಡ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಪಿನಿಯನ್, ಈ ಗೇರುಗಳ ಜೋಡಿ) ಮತ್ತು ಎಡಬಲದ ಚಕ್ರಗಳನ್ನು ಒಟ್ಟಿಗೆ ತಿರುಗುವಂತೆ ಬಿಗಿಯುವ ಲಾಕರ್‌ಗಳನ್ನು ನಾನೇ ಕೂರಿಸಲೇ ಎಂದು ಕೇಳಿದ್ದೀಯ. ಅಪ್ಪನನ್ನು ಬಿಟ್ಟು ನನ್ನನ್ನು ಕೇಳಿದ್ದು ಸರಿಯೇ ಆಯಿತು. ನಮ್ಮ ಹಳೆಯ ಗಾಡಿಯ ಹಿಂದಿನ ಆಕ್ಸಲ್ ಬಿಚ್ಚಿದ ದಿನ ಅವರು ದೀಪ ಹಿಡಿದು ನಿಂತಿದ್ದರು. ಕೆಲಸವನ್ನೂ ತಪ್ಪನ್ನೂ ಮಾಡಿದವಳು ನಾನು.

ಚಕ್ರ ಒಂದು ಸುತ್ತು ತಿರುಗಲು ಪಿನಿಯನ್ ಎಷ್ಟು ಸುತ್ತು ತಿರುಗಬೇಕು ಎಂಬ ಅನುಪಾತದ ಬಗ್ಗೆ ನನ್ನ ತಕರಾರಿಲ್ಲ. ಕಾರ್ಖಾನೆಯಿಂದ ಬಂದಾಗ 29 ಇಂಚಿನ ಟಯರಿಗೆ 3.73 ಇತ್ತು. ಟಯರ್ 33 ಇಂಚಾದಾಗ ಅದೇ 3.73 ಹಳೆಯ ಟಯರಿನ ಲೆಕ್ಕದಲ್ಲಿ ಸುಮಾರು 3.28ರಂತೆ ವರ್ತಿಸುತ್ತದೆ. ಮೊದಲಿನ ಎಳೆತ ಮರಳಬೇಕಾದರೆ 4.24 ಬೇಕು, ಅದರ ಆಚೀಚೆ ಸಾಮಾನ್ಯವಾಗಿ ಸಿಗುವುದು 4.10 ಅಥವಾ 4.56. ನಾಲ್ಕನೆಯದು ಎಂಜಿನ್ನಿನ ಸುತ್ತನ್ನು ಹಾಗೆಯೇ ದಾಟಿಸುವ ನೇರ ಗೇರು ಎಂದುಕೊಂಡರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿನ್ನ ಎಂಜಿನ್ ಮೊದಲು ನಿಮಿಷಕ್ಕೆ ಸುಮಾರು 2,690 ಸುತ್ತು ತಿರುಗುತ್ತಿತ್ತು, ಈಗ 2,360 ತಿರುಗುತ್ತಿದೆ, 4.56 ಹಾಕಿದರೆ 2,890ರ ಹತ್ತಿರ ಬರುತ್ತದೆ. ವಿಂಚು, ಉಕ್ಕಿನ ಬಂಪರು, ಮೇಲಿನ ಸಾಮಾನು ಎಲ್ಲವನ್ನೂ ಹೊತ್ತ ಗಾಡಿಗೆ ಆ ಇನ್ನೂರು ಸುತ್ತುಗಳ ಹೆಚ್ಚುವರಿ ಕೆಟ್ಟದ್ದಲ್ಲ. 4.88ರ ಆಸೆಯನ್ನು ಮಾತ್ರ ಬಿಡು: ಅನುಪಾತ ಏರಿದಂತೆ ಪಿನಿಯನ್ನಿನ ಹಲ್ಲುಗಳು ಕಡಿಮೆಯಾಗಿ ಅದರ ತಲೆ ಚಿಕ್ಕದಾಗುತ್ತದೆ, ಬಂಡೆಯ ಮೇಲೆ ಟಯರ್ ಸಿಕ್ಕಿಕೊಂಡ ಕ್ಷಣದಲ್ಲಿ ಪೆಟ್ಟು ತಿನ್ನುವುದು ಅದೇ.

ನೀನು ಒಂದೇ ಕೆಲಸವೆಂಬಂತೆ ಬರೆದಿರುವುದು ವಾಸ್ತವದಲ್ಲಿ ಮೂರು ಬೇರೆ ಬೇರೆ ಕೆಲಸಗಳು, ಮತ್ತು ಅವುಗಳ ಕಷ್ಟ ಒಂದೇ ಅಳತೆಯದಲ್ಲ. ಹಳೆಯ ಕ್ಯಾರಿಯರ್‌ನ, ಅಂದರೆ ಕ್ರೌನ್ ವೀಲನ್ನು ಹೊತ್ತ ಗೂಡಿನ, ಒಳಗಿರುವ ಚಿಕ್ಕ ಗೇರುಗಳನ್ನು ತೆಗೆದು ಅದೇ ಜಾಗದಲ್ಲಿ ಕೂರಿಸುವ, ಲಂಚ್‌ಬಾಕ್ಸ್ ಲಾಕರ್ ಎಂದು ಕರೆಯುವ ಬಗೆಯೊಂದಿದೆ. ಅದು ಕ್ರೌನ್ ವೀಲನ್ನಾಗಲಿ ಪಿನಿಯನ್ನನ್ನಾಗಲಿ ಅಲುಗಿಸುವುದಿಲ್ಲ, ಆದ್ದರಿಂದ ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಹಾಗೆಯೇ ಉಳಿಯುತ್ತವೆ. ಕ್ಲಚ್ ಬದಲಿಸಿದ ನಿನಗೆ ಅದು ಒಂದು ದಿನದ ಕೆಲಸ. ಕೈಪಿಡಿ ಹೇಳಿದ ಸಂದುಗಳನ್ನು ಫೀಲರ್ ಗೇಜಿನಿಂದ ಅಳೆದು ನೋಡಿದರೆ ಸಾಕು. ಗಾಳಿಯಿಂದಲೋ ವಿದ್ಯುತ್ತಿನಿಂದಲೋ ಬೇಕೆಂದಾಗ ಬಿಗಿಯುವ ಲಾಕರ್ ಹಾಗಲ್ಲ, ಅದಕ್ಕಾಗಿ ಇಡೀ ಕ್ಯಾರಿಯರ್ ಬದಲಾಗುತ್ತದೆ. ಹೊಸ ಬೇರಿಂಗ್‌ಗಳು ಬರುತ್ತವೆ, ಕ್ರೌನ್ ವೀಲನ್ನು ಹೊಸ ಮೈಗೆ ಬಿಗಿಯಬೇಕಾಗುತ್ತದೆ, ಬ್ಯಾಕ್‌ಲ್ಯಾಶನ್ನು, ಅಂದರೆ ಗೇರುಗಳ ಹಲ್ಲುಗಳ ನಡುವಿನ ಸಡಿಲವನ್ನು, ಮತ್ತೆ ಹೊಂದಿಸಬೇಕಾಗುತ್ತದೆ. ಕ್ರೌನ್ ಪಿನಿಯನ್ ಬದಲಿಸುವುದು ಇವೆರಡಕ್ಕೂ ಮೀರಿದ್ದು. ಬೇಕೆಂದಾಗ ಬಿಗಿಯುವ ಲಾಕರನ್ನೂ ಗೇರನ್ನೂ ಬಯಸುವುದಾದರೆ ಎರಡನ್ನೂ ಒಟ್ಟಿಗೆ ಮಾಡಿಬಿಡುವುದು ಲೇಸು, ಏಕೆಂದರೆ ಇವತ್ತು ಒಂದು, ಮುಂದಿನ ವರ್ಷ ಇನ್ನೊಂದು ಎಂದರೆ ಅದೇ ಬೇರಿಂಗ್‌ಗಳನ್ನು ಎರಡು ಬಾರಿ ಕಿತ್ತು ಅದೇ ಅಳತೆಯನ್ನು ಎರಡು ಬಾರಿ ಮಾಡಬೇಕಾಗುತ್ತದೆ. ಕೆಲವು ಆಕ್ಸಲ್‌ಗಳಲ್ಲಿ ಕ್ಯಾರಿಯರ್ ಒಂದು ಮಿತಿಯ ಅನುಪಾತಗಳಿಗೆ ಮಾತ್ರ ಹೊಂದುತ್ತದೆ ಎಂಬುದೂ ನೆನಪಿರಲಿ. ಲಾಕರ್ ತರಿಸುವಾಗ 3.73ಕ್ಕೆ ಹೊಂದುವುದನ್ನು ತರಿಸಿದರೆ ಅದರಲ್ಲಿ 4.56 ಕೂರದೇ ಹೋಗಬಹುದು.

ಗೇರಿನ ವಿಷಯದಲ್ಲಿ ಹೊಂದಿಸಬೇಕಾದ ಸಂಗತಿಗಳು ನಾಲ್ಕು: ಪಿನಿಯನ್ ಎಷ್ಟು ಆಳಕ್ಕೆ ಕೂತಿದೆ, ಪಿನಿಯನ್ ಬೇರಿಂಗ್‌ಗಳ ಮೇಲಿನ ಒತ್ತಡವೆಷ್ಟು, ಎರಡು ಗೇರುಗಳ ನಡುವಿನ ಬ್ಯಾಕ್‌ಲ್ಯಾಶ್ ಎಷ್ಟು, ಕ್ಯಾರಿಯರ್ ಬೇರಿಂಗ್‌ಗಳ ಮೇಲಿನ ಒತ್ತಡವೆಷ್ಟು. ಇವು ಒಂದನ್ನೊಂದು ಎಳೆಯುತ್ತವೆ. ಶಿಮ್ ಎಂಬ ತೆಳು ಲೋಹದ ಬಿಲ್ಲೆ ಹಾಕಿ ಪಿನಿಯನ್ನನ್ನು ಕ್ರೌನ್ ವೀಲಿನ ಕಡೆಗೆ ಸರಿಸಿದರೆ ಬ್ಯಾಕ್‌ಲ್ಯಾಶ್ ಕಡಿಮೆಯಾಗುತ್ತದೆ, ಅದನ್ನು ಸರಿಪಡಿಸಲು ಕ್ರೌನ್ ವೀಲನ್ನು ಆಚೆ ಸರಿಸಬೇಕು, ಸರಿಸಿದೊಡನೆ ಹಲ್ಲಿನ ಮೇಲಿನ ಗುರುತು ಮತ್ತೆ ಬದಲಾಗುತ್ತದೆ. ಬ್ಯಾಕ್‌ಲ್ಯಾಶ್ ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್ ಒಳಗೆ ಇರಬೇಕು. ಅದನ್ನು ಅಳೆಯುವ ಡಯಲ್ ಗೇಜಿನ ಕಾಂತದ ಕಾಲು ತುಸು ಸಡಿಲವಾಗಿದ್ದರೂ ಅಷ್ಟೇ ಪ್ರಮಾಣದ ಸುಳ್ಳನ್ನು ಅದು ಹೇಳಬಲ್ಲದು.

ಇಲ್ಲಿ ನನ್ನ ತಪ್ಪನ್ನು ಹೇಳಬೇಕು. ನಮ್ಮ ಗಾಡಿಯ ಎರಡು ಪಿನಿಯನ್ ಬೇರಿಂಗ್‌ಗಳ ನಡುವೆ ಕ್ರಷ್ ಸ್ಲೀವ್ ಇತ್ತು. ಅದು ನಟ್ಟನ್ನು ಬಿಗಿದಂತೆ ನಜ್ಜಾಗುತ್ತಾ ಬರುವ ತೆಳುವಾದ ಉಕ್ಕಿನ ಕೊಳವೆ, ಅದನ್ನು ಮಣಿಸಲು 300 ನ್ಯೂಟನ್-ಮೀಟರಿಗೂ ಮೀರಿದ ಬಲ ಬೇಕು. ಆದರೆ ಅಷ್ಟು ಬಲ ಹಾಕಿ ನೀನು ಸಾಧಿಸಬೇಕಾದ್ದು, ಪಿನಿಯನ್ನನ್ನು ತಿರುಗಿಸಲು ಬೇಕಾಗುವ, ಹೊಸ ಬೇರಿಂಗ್‌ನಲ್ಲಿ ಬಹುಪಾಲು 2ರಿಂದ 3 ನ್ಯೂಟನ್-ಮೀಟರ್ ಆಸುಪಾಸಿನ ಒಂದು ಸಣ್ಣ ತಡೆ. ಆನೆಯ ಬಲದಿಂದ ಸಾಸಿವೆಯನ್ನು ತೂಗುವ ಕೆಲಸ ಅದು. ನಾನು ಉದ್ದದ ಪೈಪು ತೊಡಿಸಿ ಎಳೆಯುತ್ತಿದ್ದೆ. ಒಂದು ಎಳೆತ ಹೆಚ್ಚಾಯಿತು, ತಡೆ ಇದ್ದಕ್ಕಿದ್ದಂತೆ ಎರಡರಷ್ಟಾಯಿತು. ಆಗ ಸ್ಲೀವನ್ನು ಹೊರತೆಗೆದು ಹೊಸದನ್ನು ಹಾಕಬೇಕಿತ್ತು. ಹೊಸದೊಂದು ಮನೆಯಲ್ಲಿರಲಿಲ್ಲ, ಕತ್ತಲಾಗಿತ್ತು, ಬೆಳಗಾದರೆ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗಬೇಕಿತ್ತು. ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ, ಅಳತೆ ಸರಿಯಾಗಿ ಬಂತು, ನನ್ನ ಮನಸ್ಸನ್ನು ಸಮಾಧಾನಪಡಿಸಿಕೊಂಡೆ. ಒಮ್ಮೆ ನಜ್ಜಾದ ಸ್ಲೀವ್ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಆದ್ದರಿಂದ ನಟ್ಟಿಗೂ ಬೇರಿಂಗಿಗೂ ಬಿಗಿಯಾದ ಆಧಾರವೇ ಉಳಿದಿರಲಿಲ್ಲ. ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೆಲ್ಲ ಹಿಂದಿನಿಂದ ಊಳಿಡುವ ಸದ್ದು ಶುರುವಾಯಿತು. ನಾನು ಟಯರಿನ ಸದ್ದು ಎಂದೆ. ಬಿಚ್ಚಿ ನೋಡುವ ಹೊತ್ತಿಗೆ ಬೇರಿಂಗ್ ತಿಂದುಹೋಗಿ, ಗೇರಿನ ಹಲ್ಲುಗಳೂ ಕೆಟ್ಟಿದ್ದವು. ಕ್ರೌನ್ ವೀಲ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು, ಹಾಗಾಗಿ ಒಂದು ಕೆಟ್ಟರೆ ಎರಡನ್ನೂ ಎಸೆಯಬೇಕು. ನಿನ್ನ ಆಕ್ಸಲಿನಲ್ಲಿ ಸ್ಲೀವ್ ಬದಲು ಶಿಮ್‌ಗಳಿದ್ದರೆ ನೀನು ಅದೃಷ್ಟವಂತೆ. ಸ್ಲೀವ್ ಇದ್ದರೆ ಎರಡು ಮೂರನ್ನು ಹೆಚ್ಚಿಗೆ ತರಿಸಿಟ್ಟುಕೋ. ತಡೆಯನ್ನು ಅಳೆಯಲು ಕ್ಲಿಕ್ ಎನ್ನುವ ಟಾರ್ಕ್ ರೆಂಚ್ ಬೇಡ, ತಿರುಗುವಾಗಲೇ ಅಂಕಿ ತೋರಿಸುವ ಮುಳ್ಳಿನದು ಬೇಕು.

ಹಲ್ಲಿನ ಗುರುತು ಓದುವುದು ಮತ್ತೊಂದು ಬಗೆಯ ವಿದ್ಯೆ. ಕ್ರೌನ್ ವೀಲಿನ ಕೆಲವು ಹಲ್ಲುಗಳಿಗೆ ಹಳದಿ ಪೇಸ್ಟ್ ಬಳಿದು, ಅದು ಸಲೀಸಾಗಿ ತಿರುಗದಂತೆ ತಡೆಯೊಡ್ಡಿ, ಎರಡೂ ದಿಕ್ಕಿಗೆ ತಿರುಗಿಸಿದರೆ ಪಿನಿಯನ್ ಎಲ್ಲಿ ತಾಗುತ್ತಿದೆ ಎಂಬುದು ಅಚ್ಚಾಗಿ ಮೂಡುತ್ತದೆ. ಅಚ್ಚು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಹೆಚ್ಚು ಆಳಕ್ಕೆ ಹೋಗಿದೆ, ತುದಿಗೆ ಏರಿದ್ದರೆ ಸಾಕಷ್ಟು ಆಳಕ್ಕೆ ಹೋಗಿಲ್ಲ. ಪ್ರತಿ ಬದಲಾವಣೆಗೂ ಪಿನಿಯನ್ ಹೊರಬರಬೇಕು, ಹೆಚ್ಚಿನ ಆಕ್ಸಲ್‌ಗಳಲ್ಲಿ ಒತ್ತಿ ಕೂರಿಸಿದ ಬೇರಿಂಗ್ ಕಳಚಬೇಕು, ಶಿಮ್ ಬದಲಿಸಿ ಮತ್ತೆ ಒತ್ತಬೇಕು. ಹಳೆಯ ಬೇರಿಂಗಿನ ಒಳಮೈಯನ್ನು ಉಜ್ಜಿ, ಕೈಯಲ್ಲೇ ಜಾರಿ ಬರುವಂತೆ ಮಾಡಿಟ್ಟುಕೊಂಡು ಅದರಲ್ಲೇ ಪರೀಕ್ಷೆಗಳನ್ನೆಲ್ಲ ಮುಗಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಆದರೂ ಐದಾರು ಸಲ ಬಿಚ್ಚಿ ಜೋಡಿಸಿದ ಮೇಲೆ, ಅಚ್ಚು ಇನ್ನೂ ಒಂದು ಕೂದಲಿನಷ್ಟು ಕೆಳಗಿದೆ ಎಂದು ಕಂಡಾಗ, ಏಳನೆಯ ಸಲ ಬಿಚ್ಚುವವಳು ನೀನೋ ಅಥವಾ "ಇಷ್ಟು ಸಾಕು" ಎನ್ನುವವಳೋ? ನಿನ್ನ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಕೇಳುತ್ತಿರುವುದು ಇದನ್ನೊಂದೇ. ಗಾಡಿ ಹದಿನೈದು ದಿನ ಸ್ಟ್ಯಾಂಡಿನ ಮೇಲೆ ನಿಂತರೂ ನಿನ್ನ ಓಡಾಟ ನಡೆಯುತ್ತದೆಯೇ ಎಂಬುದು ಅದರ ಜೊತೆಗೇ ಬರುವ ಪ್ರಶ್ನೆ, ಏಕೆಂದರೆ ನನ್ನ ತಾಳ್ಮೆಯನ್ನು ಕೆಡಿಸಿದ್ದು ಮರುದಿನದ ಬೆಳಗು.

ಹಾಗೆಂದು ಬೇರೆಯವರಿಗೆ ಕೊಟ್ಟರೆ ನಿಶ್ಚಿಂತೆ ಎಂದೇನೂ ಇಲ್ಲ. ಎಲ್ಲ ಕೆಲಸವನ್ನೂ ಮಾಡುವ ಗ್ಯಾರೇಜಿನಲ್ಲಿ ವರ್ಷಕ್ಕೊಂದು ಡಿಫರೆನ್ಷಿಯಲ್ (ಆಕ್ಸಲಿನೊಳಗಿನ ಈ ಗೇರುಗಳ ಗಡ್ಡೆ) ಬಿಚ್ಚುವವರು ನಿನಗಿಂತ ಮೇಲೇನಲ್ಲ. ಇದನ್ನೇ ಕಸುಬಾಗಿ ಮಾಡುವವರನ್ನು ಹುಡುಕು. ಮುಚ್ಚಳ ಹಾಕುವ ಮುನ್ನ ಹಲ್ಲಿನ ಅಚ್ಚನ್ನು ತೋರಿಸುತ್ತೀರಾ, ಬ್ಯಾಕ್‌ಲ್ಯಾಶ್ ಅಂಕಿಯನ್ನು ಬರೆದುಕೊಡುತ್ತೀರಾ ಎಂದು ಕೇಳು. ಕಸುಬು ಬಲ್ಲವರಿಗೆ ಆ ಪ್ರಶ್ನೆ ಇಷ್ಟವಾಗುತ್ತದೆ. ಇಡೀ ಡಿಫರೆನ್ಷಿಯಲ್ ಒಂದು ಗಡ್ಡೆಯಾಗಿ ಹೌಸಿಂಗ್‌ನಿಂದ ಮುಂದಕ್ಕೆ ಕಳಚಿ ಬರುವ ಆಕ್ಸಲ್ ಆಗಿದ್ದರೆ ನಾನು ಇಷ್ಟುದ್ದ ಬರೆಯುತ್ತಲೇ ಇರಲಿಲ್ಲ: ನೀನೇ ಕಳಚಿ, ಅದನ್ನು ಅವರ ಮೇಜಿಗೆ ಒಯ್ದು, ಹೊಂದಿಸಿದ ಮೇಲೆ ತಂದು ನೀನೇ ಕೂರಿಸಬಹುದಿತ್ತು. ನಿನ್ನದು ಹಿಂದೆ ಮುಚ್ಚಳವಿರುವ ಬಗೆ, ಅಳತೆಯೆಲ್ಲ ಗಾಡಿಯ ಕೆಳಗೇ ನಡೆಯಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಹಿಂದಿನ ಆಕ್ಸಲಿನ ಗೇರು ಮತ್ತು ಬೇಕೆಂದಾಗ ಬಿಗಿಯುವ ಲಾಕರನ್ನು ಬಲ್ಲವರಿಂದ ಮಾಡಿಸು, ಒಪ್ಪಿದರೆ ಪಕ್ಕದಲ್ಲಿ ನಿಂತು ನೋಡು. ಮುಂದಿನ ಆಕ್ಸಲನ್ನು ನೀನೇ ಮಾಡು. ನಿನ್ನ ಗಾಡಿಯ ಮುಂದಿನ ಹಬ್‌ಗಳ ಕೊಂಡಿ ಬಿಡಿಸಿ, ಚಕ್ರಗಳು ಮಾತ್ರ ತಿರುಗುವಂತೆ ಇಟ್ಟರೆ ರಸ್ತೆಯ ಮೇಲೆ ಆ ಗೇರುಗಳು ತಿರುಗುವುದೇ ಇಲ್ಲ. ನಾಲ್ಕೂ ಚಕ್ರಗಳ ಎಳೆತ ಬೇಕಾದಾಗ, ಅದೂ ನಿಧಾನ ವೇಗದಲ್ಲಿ ಮಾತ್ರ ಅವು ಭಾರ ಹೊರುತ್ತವೆ. ಅಚ್ಚಿನಲ್ಲಿ ಕೂದಲಿನಷ್ಟು ಕೊರತೆ ಉಳಿದರೆ ಹಿಂದಿನ ಆಕ್ಸಲ್ ಪ್ರತಿ ಕಿಲೋಮೀಟರಿಗೂ ದೂರು ಹೇಳುತ್ತದೆ, ಮುಂದಿನದು ಸಹಿಸಿಕೊಳ್ಳುತ್ತದೆ. ಶಾಫ್ಟ್‌ಗಳನ್ನು ಹೊರತೆಗೆಯಲು ಹಬ್ಬು, ಬ್ರೇಕು ಬಿಚ್ಚಬೇಕಾದ್ದರಿಂದ ಅಲ್ಲಿ ಕೆಲಸ ಹೆಚ್ಚು, ಆದರೆ ಅದು ನಿನಗೆ ಗೊತ್ತಿರುವ ಬಗೆಯ ಕೆಲಸ. ಮುಂದಕ್ಕೆ ಲಂಚ್‌ಬಾಕ್ಸ್ ಲಾಕರ್ ಸಾಕು. ತಾನಾಗಿಯೇ ಬಿಗಿಯುವ ಅದನ್ನು ಒಣ ಡಾಂಬರಿನ ಮೇಲೆ ಕೆಲಸಕ್ಕೆ ಹಚ್ಚಬೇಡ, ಸ್ಟಿಯರಿಂಗ್ ಕೈಗೆ ಬರುವುದಿಲ್ಲ.

ಒಂದು ಎಚ್ಚರಿಕೆ ಇದೆ. ಹಿಂದೆ 4.56, ಮುಂದೆ ಇನ್ನೂ 3.73 ಇರುವ ನಡುವಿನ ದಿನಗಳಲ್ಲಿ ನಾಲ್ಕು ಚಕ್ರದ ಲಿವರನ್ನು ಮುಟ್ಟಲೇಬೇಡ. ಎರಡು ಆಕ್ಸಲ್‌ಗಳು ಬೇರೆ ಬೇರೆ ವೇಗಕ್ಕೆ ಜಗ್ಗಾಡಿ, ಅವೆರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮುರಿಯಬಹುದು. ಮರೆವಿನ ಭಯವಿದ್ದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಕಳಚಿಡು. ಸ್ಪೀಡೋಮೀಟರನ್ನು ಕೊನೆಯಲ್ಲಿ ಸರಿಪಡಿಸಿಕೊಳ್ಳಬಹುದು. ಹೊಸ ಗೇರುಗಳನ್ನು ಮೊದಲ ದಿನ 25-30 ಕಿಲೋಮೀಟರ್ ಹಗುರವಾಗಿ ಓಡಿಸಿ ಪೂರ್ತಿ ತಣಿಯಲು ಬಿಡು, ಇದನ್ನು ಕೆಲವು ಸಲ ಮಾಡು. ಸುಮಾರು 800 ಕಿಲೋಮೀಟರ್ ಆಗುವವರೆಗೆ ಏನನ್ನೂ ಎಳೆಯಬೇಡ, ಆಮೇಲೆ ಜಿಎಲ್-5 ದರ್ಜೆಯ ಗೇರ್ ಎಣ್ಣೆಯನ್ನು ಬದಲಿಸು. ಹಬ್‌ಗಳನ್ನು ಬಿಡಿಸಿಯೇ ಇಡುವ ಮುಂದಿನ ಆಕ್ಸಲ್ ರಸ್ತೆಯ ಓಟದಲ್ಲಿ ಪಳಗುವುದಿಲ್ಲ, ಹಾಗಾಗಿ ಅದರ ಮೊದಲ ದುಡಿಮೆ ಮೆತ್ತನೆಯ ಮಣ್ಣಿನಲ್ಲೇ ನಡೆಯಲಿ.

ಏನನ್ನೂ ತರಿಸುವ ಮೊದಲು ಎರಡೂ ಮುಚ್ಚಳಗಳನ್ನು ತೆಗೆದು ಹಲ್ಲುಗಳನ್ನು ಎಣಿಸು. ಹೌಸಿಂಗ್ ಮೇಲಿನ ತಗಡಿನ ಚೀಟಿಯನ್ನು ನಂಬಬೇಡ. ನಿನಗಿಂತ ಮುಂಚೆ ಆ ಗಾಡಿಗೆ ಇಬ್ಬರು ಒಡೆಯರಿದ್ದರು. ಕ್ರೌನ್ ವೀಲಿನಲ್ಲಿ 41, ಪಿನಿಯನ್ನಿನಲ್ಲಿ 11 ಬಂದರೆ ನಾವು ಮಾಡಿದ ಲೆಕ್ಕ ನಿಲ್ಲುತ್ತದೆ. ಬೇರೆ ಅಂಕಿ ಬಂದರೆ ಹಣ ಕಳಿಸುವ ಮುನ್ನ ನನಗೆ ಬರೆ. ನನ್ನ ಡಯಲ್ ಗೇಜನ್ನೂ ಮುಳ್ಳಿನ ರೆಂಚನ್ನೂ ಒರೆಸಿ ಪೆಟ್ಟಿಗೆಗೆ ಹಾಕಿಟ್ಟಿದ್ದೇನೆ, ಮುಂದಿನ ಆಕ್ಸಲ್ ಬಿಚ್ಚುವ ದಿನ ಗೊತ್ತಾದರೆ ನಾನೇ ತರುತ್ತೇನೆ. ದೀಪ ಹಿಡಿಯಲು ಅಪ್ಪನೂ ಬರುತ್ತಾರಂತೆ.

ಇತಿ,
ನಿನ್ನ ಅಮ್ಮ